ನಿದ್ದೆ ಬಾರದ ಕುಂಭಕರ್ಣ

ನಮ್ಮ ಟಿವಿ ಸ್ಟ್ಯಾಂಡಿನ ಕೆಳಗೆ ನಾಲ್ಕು ಹಾರ್ಡ್ ಡಿಸ್ಕಿನ ಒಂದು ಕರಿ ಡಬ್ಬಿ ಇದೆ. ಹೋಂ ಸರ್ವರ್ ಅಂತ ಹೆಸರು. ಒಳಗೆ ಮದುವೆ ವಿಡಿಯೋ, ಮಗಳ ನಾಮಕರಣದ ಎರಡು ಸಾವಿರ ಫೋಟೋ, ಎಂದಾದರೂ ನೋಡೋಣವೆಂದು ತುಂಬಿಟ್ಟ ಸಿನಿಮಾಗಳು. ಮೂರು ತಿಂಗಳಿಗೊಮ್ಮೆ ಯಾರಾದರೂ ಇಣುಕಿದರೆ ಹೆಚ್ಚು. ಡಬ್ಬಿ ಮಾತ್ರ ಹಗಲು ರಾತ್ರಿ 40 ವ್ಯಾಟ್ ಕುಡಿಯುತ್ತಾ, ಬಾರದ ನೆಂಟರಿಗಾಗಿ ಎಲೆ ಹಾಕಿ ಕಾಯುತ್ತಿರುತ್ತದೆ.

40 ವ್ಯಾಟ್ ಯಾವ ಮಹಾ ಎಂದುಕೊಂಡಿದ್ದೆ. 24 ಗಂಟೆಗೆ ಗುಣಿಸಿದರೆ ತಿಂಗಳಿಗೆ 29 ಯೂನಿಟ್! ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ನೆರಳಲ್ಲಿ 185 ಯೂನಿಟ್ ಉರಿಸಿಕೊಂಡು ಸುಖವಾಗಿದ್ದವರು 214ಕ್ಕೆ ಏರಿದೆವು. 200 ದಾಟಿದರೆ ಮೇಲಿನ 14ಕ್ಕಷ್ಟೇ ಅಲ್ಲ, ಪೂರ್ತಿ 214ಕ್ಕೂ ದುಡ್ಡು ಕಟ್ಟಬೇಕು. ಯಾರೂ ನೋಡದ ನಾಮಕರಣ ನಮ್ಮ ಸೊನ್ನೆ ಬಿಲ್ಲನ್ನು ನುಂಗಿತು.

ಇಂಜಿನಿಯರ್ ಸುಮ್ಮನಿರುತ್ತಾನೆಯೇ? ಇಪ್ಪತ್ತು ನಿಮಿಷ ಕೆಲಸವಿಲ್ಲದಿದ್ದರೆ ಡಿಸ್ಕು ಮಲಗಲಿ ಎಂದು ಸೆಟ್ಟಿಂಗ್ ಹಾಕಿದೆ. ಸುಮ್ಮನೆ ತಿರುಗುವ ಡಿಸ್ಕು ಐದಾರು ವ್ಯಾಟ್ ತಿಂದರೆ, ಮಲಗಿದ್ದು ಒಂದಕ್ಕಿಂತ ಕಡಿಮೆ. ಮಲಗಿತು. ಆದರೆ ನಮ್ಮ ಸರ್ವರ್ ಶಿಸ್ತಿನ ಗುಮಾಸ್ತ: 'ಡಿಸ್ಕು ಈಗ ಮಲಗಿದೆ' ಎಂದು ಲಾಗ್ ಬರೆಯಬೇಕಲ್ಲ! ಅದನ್ನು ಬರೆಯುವುದು ಅದೇ ಡಿಸ್ಕಿನ ಮೇಲೆ. ಎಬ್ಬಿಸಿತು, ಬರೆಯಿತು, ಮತ್ತೆ ಮಲಗಿಸಿತು.

ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ 15 ವ್ಯಾಟ್ ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ತಿಂಗಳಿಗೆ 65 ರೂಪಾಯಿ. ಎಸ್‌ಎಸ್‌ಡಿಗೆ 24,000. ಮೂವತ್ತು ವರ್ಷದಲ್ಲಿ ಅಸಲು ಹುಟ್ಟುತ್ತದೆ; ಅಷ್ಟರಲ್ಲಿ ಮಗಳ ಮಗಳ ನಾಮಕರಣವೂ ಆಗಿರುತ್ತದೆ.

ಕೊನೆಗೆ ವೇಕ್ ಆನ್ ಲ್ಯಾನ್. ಸರ್ವರ್ ಆಫ್ ಆಗಿರಲಿ, ಬೇಕಾದಾಗ ನೆಟ್‌ವರ್ಕಿನಲ್ಲಿ ಅದರ ವಿಳಾಸವನ್ನು 16 ಸಲ ಕೂಗಿದರೆ ಏಳುತ್ತದೆ. ಕುಂಭಕರ್ಣನಿಗೆ ಡೋಲು ಬಡಿದಂತೆ. ಆದರೆ ಊರಾಚೆಯಿಂದ ಎಬ್ಬಿಸಬೇಕೆಂದರೆ ಡೋಲು ಬಡಿಯಲು ಮನೆಯಲ್ಲಿ ಇನ್ಯಾರೋ ಎದ್ದಿರಬೇಕು. ಅದಕ್ಕೊಂದು ಪುಟ್ಟ ಕಂಪ್ಯೂಟರ್ ತಂದೆ. ಅದು 24 ಗಂಟೆ ಆನ್.

"ರೀ, ಅಟ್ಟದ ಮೇಲಿನ ಕೊಪ್ಪರಿಗೇನೂ ವರ್ಷಕ್ಕೊಂದು ಸಲ ಇಳಿಸ್ತೀವಿ. ಅದೇನು ಕರೆಂಟ್ ಕೇಳುತ್ತಾ? ಸ್ವಿಚ್ ಆರಿಸಬಾರದಾ?" ಎಂದಳು ಹೆಂಡತಿ. ಇಷ್ಟು ಸುಲಭದ ಉಪಾಯ ನನ್ನ ಓದಿಗೆ ತಕ್ಕದ್ದಲ್ಲ ಎಂದು ಬಿಟ್ಟುಬಿಟ್ಟೆ.

ಅವಳು ಬಿಡಲಿಲ್ಲ, ಎರಡರದ್ದೂ ಪ್ಲಗ್ ಕಿತ್ತಿದ್ದಳು. ನನಗೆ ತಿಳಿದದ್ದು ಹನ್ನೊಂದನೇ ದಿನ, ಆ ಜಾಗದಲ್ಲಿ ಸೊಳ್ಳೆ ಮೆಷಿನ್ ಕಂಡಾಗ.