ಗೊಂಚಲಲ್ಲಿ ಉಗುರು

ಮಾಗಡಿ ರಸ್ತೆಯ ಗದ್ದಲ ದಾಟಿ ಸುಂಕದಕಟ್ಟೆಯ ಪಾರ್ಲರಿಗೆ ಹೋದರೆ, ಕೀಲಿಗೊಂಚಲಿನಂತೆ ರಿಂಗಿಗೆ ಪೋಣಿಸಿದ, ಪಾಲಿಶ್ ಹಚ್ಚಿದ ಪ್ಲಾಸ್ಟಿಕ್ ಉಗುರುಗಳನ್ನು ಬಣ್ಣ ಆರಿಸಲೆಂದು ಕೈಗಿಡುತ್ತಾರೆ. ನೇಲ್ ಪಾಲಿಶ್ ಶೀಶೆಯನ್ನು ನಂಬುವ ಹಾಗಿಲ್ಲ ನೋಡಿ: ಒಳಗಿದ್ದಾಗ ದಾಳಿಂಬೆ ಕೆಂಪು, ಉಗುರಿಗೆ ಬಂದರೆ ಇಟ್ಟಿಗೆ!

ಇಂಥ ಪ್ಲಾಸ್ಟಿಕ್ ಉಗುರಿನ ಕಡ್ಡಿ ಕೊಳ್ಳುವುದಾದರೆ ಪಾರದರ್ಶಕವಾದದ್ದೇ ಇರಲಿ. ಬಿಳಿ ಕಡ್ಡಿಯ ಮೇಲೆ ತೆಳು ಬಣ್ಣವೂ ಜಂಬ ಕೊಚ್ಚುತ್ತದೆ. ಎರಡು ಕೋಟ್ ಹಚ್ಚಿ, ನಡುವೆ ಒಣಗಲು ಬಿಟ್ಟು, ಮೇಲೆ ಟಾಪ್ ಕೋಟ್ ಎಳೆದು, ಹಿಂದೆ ಶೀಶೆಯ ನಂಬರ್ ಬರೆಯಬೇಕು. ಮರೆಯುವುದು ಈ ನಂಬರನ್ನೇ. ಆಮೇಲೆ ಗಾರ್ಮೆಂಟ್ಸ್ ಹುಡುಗಿ, "ಅಕ್ಕಾ, ಮದುವೆಗೆ ಹಚ್ಚಿದ್ರಲ್ಲ, ಅದೇ ಪಿಂಕ್ ಬೇಕು" ಎಂದು ಪಟ್ಟು ಹಿಡಿದರೆ, ಪಾರ್ಲರ್ ಅಕ್ಕ ಒಂದೊಂದೇ ಶೀಶೆಯ ಬುಡ ತಿರುಗಿಸುತ್ತ ಕೂರುತ್ತಾಳೆ. ಜೊತೆಗೆ ಬಂದ ಗಂಡಂದಿರ ಕೈಗೆ ಗೊಂಚಲು ಕೊಟ್ಟರಂತೂ ಮುಗಿಯಿತು. ಅವರಿಗೆ ಎಲ್ಲವೂ ಒಂದೇ ಪಿಂಕು, ಬೆಲೆಯಷ್ಟೇ ಬೇರೆ ಬೇರೆ.