ಕಂಬ ನಾಲ್ಕು, ಸಲಹೆ ನಲವತ್ತು
ಊರಲ್ಲಿ ಭಾವ ಕೊಟ್ಟಿಗೆ ಕಟ್ಟಿದ ರೀತಿ ಇಷ್ಟೇ: ಗುಂಡಿ ತೋಡಿದ, ಕಂಬ ಊರಿದ, ಶೀಟು ಹೊದಿಸಿದ, ಕಾಫಿ ಕುಡಿದ. ಇಂದಿರಾನಗರದ 40×60 ಸೈಟಿನಲ್ಲಿ ಅಂಥದ್ದೇ ಮಾಡೋಣವೆಂದರೆ ಮಣ್ಣೆಲ್ಲ ಹೂಕುಂಡದಲ್ಲಿದೆ! ಅಂಗಳ ಅಗೆದರೆ ಮೊದಲು ಕಾವೇರಿ ಪೈಪು, ಆಮೇಲೆ ಬೇಡ ಬಿಡಿ, ಒಳಚರಂಡಿ. ಹಾಗಾಗಿ ನಮ್ಮ ಕೊಟ್ಟಿಗೆ ತಾರಸಿ ಹತ್ತಿತು.

ತಾರಸಿಯಲ್ಲಿ ಕಂಬ ಊರುವಂತಿಲ್ಲ, ಬೋಲ್ಟು ಬಿಗಿದು ನಿಲ್ಲಿಸಬೇಕು. ಶೀಟು ಕುಸಿದೀತೆಂದು ಮನೆಯವರ ಭಯ. ಹಾರೀತೆಂದು ಎಂಜಿನಿಯರ್ ಭಯ. ಭಾರತೀಯ ಮಾನಕದ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ನೂರಡಿ ರಸ್ತೆಯಲ್ಲಿ ಸಂಜೆ ಹೊತ್ತು ಆ ವೇಗ ಯಾರಿಗೂ ದಕ್ಕಿಲ್ಲ. ಗಾಳಿಗೆ ಸಿಗ್ನಲ್ ಇಲ್ಲವಲ್ಲ!

ಇನ್ನು ಇಳಿಜಾರು. 600 ಚದರಡಿ ಶೀಟಿನ ಮೇಲೆ 50 ಮಿ.ಮೀ. ಮಳೆ ಸುರಿದರೆ ಹತ್ತಿರಹತ್ತಿರ 2,800 ಲೀಟರ್ ನೀರು. ಅದನ್ನು ಪಕ್ಕದ ಮನೆಯ ಕಡೆ ಬಿಟ್ಟರೆ ಯುಗಾದಿಯ ಒಬ್ಬಟ್ಟು ನಿಲ್ಲುತ್ತದೆ. 2009ರಿಂದ ಇಂಥ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯ, ಆದ್ದರಿಂದ ನೀರು ನಮ್ಮ ಸಂಪಿಗೇ. ಕಾನೂನು ಒಬ್ಬಟ್ಟು ಉಳಿಸಿದ್ದು ಇದೇ ಮೊದಲಿರಬೇಕು.

ಕೆಳಗೆ ಏನಿಡುವುದು? ಅತ್ತೆಗೆ ಹಪ್ಪಳ ಒಣಗಿಸಬೇಕು, ನೆರಳಲ್ಲಿ ಹೇಗೋ ಗೊತ್ತಿಲ್ಲ. ಮಗ ಆಗಲೇ ಕೆಫೆಯವರಿಗೆ ಬಾಡಿಗೆ ಹೇಳುತ್ತಿದ್ದಾನೆ. ಹಸು ಯಾವಾಗ ತರುತ್ತೀರಿ ಎಂದು ಕೇಳಿದವಳು ಅಜ್ಜಿ ಒಬ್ಬಳೇ.