ಎದ್ದು ಮತ್ತೆ ಮಲಗುವ ಕಂಪ್ಯೂಟರು

ಕಂಪ್ಯೂಟರು ಪೂರ್ತಿ ಸತ್ತೇ ಹೋದರೆ ಅಂಥ ತೊಂದರೆಯಿಲ್ಲ. ಹೊಸದು ತರಬೇಕು, ಇಲ್ಲವೇ ಅದಿಲ್ಲದೆ ಬದುಕಬೇಕು. ಚೆನ್ನಾಗಿ ಓಡುತ್ತಿದ್ದರೆ ಮಾತೇ ಇಲ್ಲ. ಪ್ರಾಣ ತಿನ್ನುವುದು ಇವೆರಡರ ನಡುವಿನ ಅವಸ್ಥೆ. ಬಟನ್ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಒಂದು ಸಲ ‘ಬೀಪ್’ ಎನ್ನುತ್ತದೆ, ಪರದೆಯ ಮೇಲೆ ಕಂಪನಿಯ ಹೆಸರೂ ಮೂಡುತ್ತದೆ. ನಾವು ಕುರ್ಚಿ ಎಳೆದುಕೊಂಡು ಕನ್ನಡಕ ಏರಿಸುವಷ್ಟರಲ್ಲಿ ಟಪ್ ಅಂತ ಎಲ್ಲ ಬಂದ್. ಮದುವೆ ಕರೆಯೋಲೆ ಕೊಡಲು ಬಂದವರು ‘ಇನ್ನೂ ಹತ್ತು ಮನೆ ಇದೆ’ ಅಂತ ಚಪ್ಪಲಿಯನ್ನೂ ಬಿಡದೆ ಹೊರಟುಬಿಡುತ್ತಾರಲ್ಲ, ಹಾಗೆ.

ನನ್ನ ಡೆಸ್ಕ್‌ಟಾಪಿಗೆ ಈ ರೋಗ ತಗುಲಿದ್ದು ನಮ್ಮ ಅಪಾರ್ಟ್‌ಮೆಂಟ್ ಸಂಘದ ವಾರ್ಷಿಕ ಸಭೆ ಹತ್ತಿರ ಬಂದಾಗ. ನಾನು ಸಂಘದ ಖಜಾಂಚಿ. ಬೇರೆ ಯಾರೂ ಒಪ್ಪದ್ದರಿಂದ ಅವಿರೋಧವಾಗಿ ಆಯ್ಕೆಯಾದವನು. ನೀರಿನ ಟ್ಯಾಂಕರು, ಲಿಫ್ಟ್ ರಿಪೇರಿ, ಸೆಕ್ಯುರಿಟಿಯವರ ಸಂಬಳ, ಯಾರು ಮೇಂಟೆನೆನ್ಸ್ ಕೊಟ್ಟಿದ್ದಾರೆ, ಯಾರು ಕೊಟ್ಟೆವೆಂದು ಹೇಳುತ್ತಿದ್ದಾರೆ, ಎಲ್ಲವೂ ಆ ಪೆಟ್ಟಿಗೆಯೊಳಗೆ. ‘ಲೆಕ್ಕ ಪಕ್ಕಾ ಇದೆ, ಕಂಪ್ಯೂಟರ್ ಮಾತ್ರ ಆನ್ ಆಗ್ತಿಲ್ಲ’ ಎಂದು ಖಜಾಂಚಿಯೊಬ್ಬ ಹೇಳಿದರೆ ನಂಬುವ ಸದಸ್ಯ ಇನ್ನೂ ಹುಟ್ಟಿಲ್ಲ. ಹಾಗಾಗಿ ಯಂತ್ರ ನೋಡಲು ನಮ್ಮ ಮನೆಗೆ ಬಂದವರಲ್ಲಿ ಅರ್ಧ ಜನ ನೆರವಿಗೆ ಬಂದವರು, ಇನ್ನರ್ಧ ತನಿಖೆಗೆ ಬಂದವರು.

ಮೊದಲು ಬಂದವರು ಮೂರನೇ ಮಹಡಿಯ ರಾಯರು. ವಿದ್ಯುತ್ ಇಲಾಖೆಯಲ್ಲಿದ್ದು ನಿವೃತ್ತರಾದವರು. ಹೊಸಿಲು ದಾಟುವ ಮೊದಲೇ ‘ವೋಲ್ಟೇಜ್ ಕಣ್ರೀ’ ಎಂದು ತೀರ್ಪು ಕೊಟ್ಟರು. ಮೀಟರ್ ತರಿಸಿ ಸಾಕೆಟ್ಟಿಗೆ ಚುಚ್ಚಿದರು. 231 ತೋರಿಸಿತು. ‘ಇರಬೇಕಾದ್ದು 230. ನೋಡಿ, ಒಂದು ಜಾಸ್ತಿ!’ ಎಂದು ಗೆದ್ದ ಮುಖ ಮಾಡಿ ಕಾಫಿಗೆ ಕೂತರು.

ಬೆಳ್ಳಂದೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲೇ ಚಿಕಿತ್ಸೆ ಸೂಚಿಸಿದ: ‘ಮಾವ, ವಿಂಡೋಸ್ ರೀಇನ್‌ಸ್ಟಾಲ್ ಮಾಡಿಬಿಡಿ.’ ಕಂಪ್ಯೂಟರು ಎದ್ದ ಕೂಡಲೇ ಮೊದಲು ಮಾಡುವುದು ಆತ್ಮಪರೀಕ್ಷೆ. ಮೆಮೊರಿ ಇದೆಯೇ, ಕೀಬೋರ್ಡ್ ಇದೆಯೇ, ಪರದೆಗೆ ಚಿತ್ರ ಕಳಿಸುವ ಕಾರ್ಡು ನೆಟ್ಟಗಿದೆಯೇ ಎಂದು ತನ್ನನ್ನು ತಾನೇ ತಡವಿ ನೋಡಿಕೊಂಡು, ಎಲ್ಲ ಸರಿಯಿದ್ದರೆ ಒಂದು ಬೀಪ್ ಹಾಕಿ, ಆಮೇಲಷ್ಟೇ ವಿಂಡೋಸನ್ನು ಕರೆಯುತ್ತದೆ. (ದಿನಾ ಬೆಳಗ್ಗೆ ಆತ್ಮಪರೀಕ್ಷೆ ಮಾಡಿಕೊಳ್ಳುವ ಜೀವಿ ನಮ್ಮ ಮನೆಯಲ್ಲಿ ಅದೊಂದೇ.) ನಮ್ಮದು ವಿಂಡೋಸನ್ನು ಕರೆಯುವ ಮೊದಲೇ ಮಲಗುತ್ತಿತ್ತು. ಅದನ್ನೇ ಹೇಳಿದೆ. ‘ಹಾಗಾದ್ರೆ ಕ್ಲೌಡಿಗೆ ಹಾಕಿಡ್ಬೇಕಿತ್ತು ಮಾವ’ ಎಂದು ಅವನು ಮೀಟಿಂಗಿಗೆ ಹೋದ.

ನಿಜವಾಗಿ ಕೈ ಹಾಕಿದವನು ಶಿವಮೊಗ್ಗದಿಂದ ಬಂದಿದ್ದ ನನ್ನ ಬಾಮೈದ. ‘ರ‍್ಯಾಮ್ ಭಾವ, ಇನ್ನೇನೂ ಅಲ್ಲ’ ಎಂದವನೇ ಕ್ಯಾಬಿನೆಟ್ಟಿನ ಮೇಲೆ ಬಾಡಿ ಕೂತಿದ್ದ ಸೇವಂತಿಗೆಯನ್ನು ಪಕ್ಕಕ್ಕಿಟ್ಟು, ಪಕ್ಕದ ತಗಡು ಕಳಚಿದ. ಒಳಗೆ ಧೂಳು, ಅದರಡಿ ಇನ್ನಷ್ಟು ಹಳೆಯ ಧೂಳು. ಮೂಲೆಯಲ್ಲಿ ಎರಡು ಹಲ್ಲಿಮೊಟ್ಟೆ. 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಗಣಕದ ರಿಲೇಯಲ್ಲಿ ಸಿಕ್ಕಿಬಿದ್ದ ಪತಂಗವೊಂದನ್ನು ಅಲ್ಲಿನವರು ಟೇಪು ಹಾಕಿ ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಅದು ಇವತ್ತಿಗೂ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನ ಆಸ್ತಿ. ನಮ್ಮ ಹಲ್ಲಿಮೊಟ್ಟೆಗಳನ್ನು ಅಮ್ಮ ಮೊರದಲ್ಲಿ ಎತ್ತಿ ಕಸಕ್ಕೆ ಹಾಕಿದರು.

ಬಾಮೈದ ರ‍್ಯಾಮ್ ಪಟ್ಟಿ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಗಳ ಪೆನ್ಸಿಲ್ ರಬ್ಬರಿನಿಂದ ಉಜ್ಜಿದ. ಇದು ಮೂಢನಂಬಿಕೆಯಲ್ಲ. ಹಲ್ಲಿಗೆ ಹತ್ತಿದ ಕಿಲುಬು ಹೋಗಿ ಎಷ್ಟೋ ಕಂಪ್ಯೂಟರುಗಳು ಬದುಕಿಕೊಂಡಿವೆ. ನಮ್ಮದು ಬದುಕಲಿಲ್ಲ. ಅವನು ಹೆದರುವ ಪೈಕಿಯಲ್ಲ. ಪ್ರೊಸೆಸರಿನ ಮೇಲಿನ ಫ್ಯಾನು ಬಿಚ್ಚಿದ. ಕೆಳಗೆ ಬಳಿದಿದ್ದ ಪೇಸ್ಟು ಒಣಗಿ ಪುಡಿ ಉದುರುತ್ತಿತ್ತು. ‘ಹೀಟು! ನೂರು ಡಿಗ್ರಿ ಹತ್ರ ಹೋದ್ರೆ ಇದು ತನ್ನ ಪ್ರಾಣ ಉಳಿಸ್ಕೊಳ್ಳೋಕೆ ತಾನೇ ಆಫ್ ಆಗುತ್ತೆ ಭಾವ’ ಎಂದ. ಮಾತು ಸರಿಯೇ. ಹೊಸ ಪೇಸ್ಟು ಬಂತು, ಅವನ ಬೆರಳಿಗೆ, ಅಂಗಿಗೆ, ಸ್ವಲ್ಪ ಪ್ರೊಸೆಸರಿಗೂ ಬಿತ್ತು. ಕಂಪ್ಯೂಟರು ಎದ್ದಿತು, ಹೆಸರು ಹೇಳಿತು, ಮಲಗಿತು.

ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್ಲನ್ನೂ ಬದಲಿಸಿದ್ದಾಯಿತು. ಸಿಆರ್2032 ಎಂದರೆ ಅಗಲ 20 ಮಿಲಿಮೀಟರು, ದಪ್ಪ 3.2 ಎಂದು ಅಂಗಡಿಯವನು ಹೇಳಿಕೊಟ್ಟ. ಆ ಸೆಲ್ಲು ಸತ್ತರೆ ಯಂತ್ರ ತಾರೀಕು ಮರೆಯುತ್ತದೆಯೇ ಹೊರತು ಹೀಗೆ ನಿಲ್ಲುವುದು ಅಪರೂಪ ಎಂದೂ ಹೇಳಿದ, ದುಡ್ಡು ತೆಗೆದುಕೊಂಡ ಮೇಲೆ. ತಾರೀಕು ಮರೆಯುವುದೆಂದರೆ ಹಳೆಯ ಬಾಕಿಯೂ ಹೋಗುತ್ತದೆಯೇ ಎಂದು ಎರಡನೇ ಮಹಡಿಯವರು ಆಸೆಯಿಂದ ವಿಚಾರಿಸಿದರು.

ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದು ಟಾರ್ಚು ಬಿಟ್ಟು ನೋಡಿದವರು ನಾಲ್ಕನೇ ಮಹಡಿಯ ಎಂಜಿನಿಯರು. 2000ದ ಆಸುಪಾಸಿನಲ್ಲಿ ತಯಾರಾದ ಮದರ್‌ಬೋರ್ಡುಗಳಲ್ಲಿ ಒಳಗಿನ ದ್ರವ ಕೆಟ್ಟು, ತಲೆ ಉಬ್ಬಿ ಒಡೆದ ಕೆಪಾಸಿಟರುಗಳಿಗೆ ಲೆಕ್ಕವಿಲ್ಲ. ನಮ್ಮದರಲ್ಲಿ ಎಲ್ಲದರ ತಲೆಯೂ ಚಪ್ಪಟೆಯಾಗಿಯೇ ಇತ್ತು. ‘ಹಾಗಾದ್ರೆ ಎಸ್‌ಎಂಪಿಎಸ್, ಒಳಗೆ ಕರೆಂಟ್ ಹಂಚೋ ಡಬ್ಬಿ. ಎಸ್.ಪಿ. ರೋಡಿಗೆ ಹೋಗಿ ಹೊಸದು ತನ್ನಿ’ ಎಂದರು. ಎಸ್.ಪಿ. ರೋಡಿನ ಟ್ರಾಫಿಕ್ಕು, ಪಾರ್ಕಿಂಗು ನೆನೆದು ಅವತ್ತು ತಡೆದೆ. ಸಭೆಗೆ ಎರಡು ದಿನ ಉಳಿದಿತ್ತು.

ಆಗ ಬಂದವನು ನಮ್ಮ ಬೀದಿಯ ಕೊನೆಯಲ್ಲಿ ಜೆರಾಕ್ಸ್ ಅಂಗಡಿಗೆ ಅಂಟಿಕೊಂಡಂತೆ ರಿಪೇರಿ ಇಟ್ಟುಕೊಂಡಿರುವವನು. ಬ್ಯಾಗಿನಿಂದ ಏನೂ ತೆಗೆಯಲಿಲ್ಲ. ಬಟನ್ ಒತ್ತಿ ಸುಮ್ಮನೆ ನಿಂತ. ಆಫ್ ಆಯಿತು. ಮತ್ತೆ ಒತ್ತಿ ವಾಚು ನೋಡಿದ. ‘ಸಾರ್, ಪ್ರತಿ ಸಲಾನೂ ಇಷ್ಟೇ ಹೊತ್ತಿಗೆ ಹೋಗುತ್ತಾ?’ ಎಂದು ಕೇಳಿದ. ಅಷ್ಟು ಜನರಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ. ‘ಹೀಟಾದ್ರೆ ತಣ್ಣಗಿದ್ದಾಗ ಜಾಸ್ತಿ ಹೊತ್ತು ಇರಬೇಕು, ಆಮೇಲಾಮೇಲೆ ಬೇಗ ಹೋಗಬೇಕು. ರ‍್ಯಾಮ್ ಆದ್ರೆ ಬೀಪ್ ಹೊಡ್ಕೊಳ್ತಾನೇ ಇರುತ್ತೆ. ಕಾಯಿಲೆ ಇರೋ ಮೆಷಿನ್ನು ಇಷ್ಟು ಕರೆಕ್ಟಾಗಿ ಟೈಮ್ ನೋಡ್ಕೊಂಡು ಸಾಯಲ್ಲ ಸಾರ್’ ಎಂದ. ಆಮೇಲೆ ಅಮ್ಮನ ಕಡೆ ತಿರುಗಿ, ‘ಅಮ್ಮಾ, ಆಯುಧಪೂಜೆ ಜೋರಾಗಿ ಮಾಡಿದ್ರಾ?’

ಅಮ್ಮ ಜೋರಾಗಿಯೇ ಮಾಡಿದ್ದರು. ಸ್ಕೂಟರು, ಮಿಕ್ಸಿ, ಈಳಿಗೆಮಣೆ ಮುಗಿಸಿ ಕಂಪ್ಯೂಟರಿಗೂ ಗಂಧ ತೇಯ್ದು, ಅರಿಸಿನ ಕುಂಕುಮ ಇಟ್ಟಿದ್ದರು. ಹಣೆ ಎಲ್ಲಿದೆ ಎಂದು ಹುಡುಕಿ, ಮುಂಭಾಗದ ನಡುಮಧ್ಯೆ ದುಂಡಗೆ ಕಂಡ ಜಾಗಕ್ಕೆ ಇಟ್ಟಿದ್ದರು. ಆ ದುಂಡನೆಯ ಜಾಗವೇ ಪವರ್ ಬಟನ್ನು. ಗಂಧ ಬಟನ್ನಿನ ಸುತ್ತಲಿನ ಸಂದಿಗೆ ಇಳಿದು ಒಣಗಿತ್ತು. ಒತ್ತಿದರೆ ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಮಾತ್ರ ಸಾವಕಾಶ.

ಆ ಬಟನ್ನಿಗೆ ಎರಡು ಕೆಲಸ. ಒತ್ತಿ ಬಿಟ್ಟರೆ ಯಂತ್ರ ಏಳಬೇಕು, ನಾಲ್ಕು ಸೆಕೆಂಡು ಒತ್ತಿಯೇ ಹಿಡಿದರೆ ಏನೇ ಮಾಡುತ್ತಿದ್ದರೂ ಆಫ್ ಆಗಬೇಕು. 1996ರಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಪ್ರಕಟಿಸಿದ ಎಸಿಪಿಐ ಎಂಬ ನಿಯಮಾವಳಿಯಲ್ಲಿ ಇದಕ್ಕೊಂದು ಕಲಮೇ ಇದೆ. ಅದನ್ನು ಬರೆಯುವಾಗ ಆ ಮೂರೂ ಕಂಪನಿಗಳವರು ಅಮ್ಮನ ಗಂಧದ ಕೊರಡನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಯಂತ್ರದ ಪಾಲಿಗೆ ನಾನು ಪ್ರತಿ ಸಲವೂ ಬಟನ್ ಒತ್ತಿ ಹಿಡಿದು ‘ಮಲಗು’ ಎನ್ನುತ್ತಿದ್ದವನು.

ಹುಡುಗ ಬಟನ್ನಿನಿಂದ ಮದರ್‌ಬೋರ್ಡಿಗೆ ಹೋಗುವ ಸಣ್ಣ ವೈರನ್ನು ಕಿತ್ತ. ಅದು ಕೂತಿದ್ದ ಜಾಗದಲ್ಲಿ ಗುಂಡುಸೂಜಿಯಷ್ಟು ತೆಳ್ಳಗಿನ ಎರಡು ಪಿನ್ನು. ಸ್ಕ್ರೂಡ್ರೈವರಿನ ತುದಿಯನ್ನು ಎರಡಕ್ಕೂ ಸೇರಿಸಿ ಮುಟ್ಟಿಸಿ ತೆಗೆದ. ಕಂಪ್ಯೂಟರು ಎದ್ದಿತು, ಬೀಪ್ ಎಂದಿತು, ಹೆಸರು ಹೇಳಿತು, ವಿಂಡೋಸನ್ನೂ ಕರೆಯಿತು. ಆಮೇಲೆ ಅದನ್ನು ಆಫ್ ಮಾಡಿ, ಬಟನ್ ಬಿಚ್ಚಿ, ಹಳೇ ಹಲ್ಲುಜ್ಜುವ ಬ್ರಶ್ಶಿಗೆ ಸ್ಪಿರಿಟ್ ಸುರಿದು ತಿಕ್ಕಿದ. ಕೋಣೆಯೆಲ್ಲ ಗಂಧದ ಪರಿಮಳ. ಇನ್ನೂರೈವತ್ತು ರೂಪಾಯಿ ಕೇಳಿದ. ‘ಗಂಧ ಒರೆಸೋಕೆ ಇನ್ನೂರೈವತ್ತಾ?’ ಎಂದು ಅಮ್ಮ ಸಿಡುಕಿದರು. ‘ಒರೆಸೋಕೆ ಐವತ್ತು, ಎಲ್ಲಿ ಒರೆಸ್ಬೇಕು ಅಂತ ಹುಡುಕೋಕೆ ಇನ್ನೂರು ಅಮ್ಮಾ’ ಎಂದ. ಎಲ್ಲೋ ಕೇಳಿದ್ದ ಹಳೆಯ ಮಾತೇ ಇರಬಹುದು, ಆದರೂ ಕೊಟ್ಟೆ.

ವಾರ್ಷಿಕ ಸಭೆಯಲ್ಲಿ ಲೆಕ್ಕ ಮಂಡನೆಯಾಯಿತು. ಟ್ಯಾಂಕರಿಗೆ ಲಕ್ಷಗಟ್ಟಲೆ ಸುರಿದದ್ದನ್ನು ಯಾರೂ ಕೇಳಲಿಲ್ಲ. ‘ಕಂಪ್ಯೂಟರ್ ರಿಪೇರಿ: ರೂ. 250’ ಎಂಬ ಸಾಲಿನ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಖಾಸಗಿ ಪೂಜೆಯ ಪರಿಣಾಮಕ್ಕೆ ಸಂಘದ ಹಣ ಬಳಸಬಹುದೇ ಎಂದು ಎರಡನೇ ಮಹಡಿಯವರು ಎದ್ದು ನಿಂತರು. ‘ಗಂಧ ಗಿಂಧ ಅಲ್ಲ, ಅದು ವೋಲ್ಟೇಜೇ’ ಎಂದು ರಾಯರು ನಡಾವಳಿಯಲ್ಲಿ ದಾಖಲಿಸಲು ಹೇಳಿದರು. ದಾಖಲಾಗಿದೆ.

ಆಯುಧಪೂಜೆ ಮಾಡುವ ಮನೆಗಳಲ್ಲಿ ನನ್ನದೊಂದು ವಿನಂತಿ: ಕಂಪ್ಯೂಟರಿಗೆ ಧಾರಾಳವಾಗಿ ಪೂಜೆ ಮಾಡಿ, ಆದರೆ ಪ್ಲಗ್ ಕಿತ್ತು ಮಾಡಿ. ಹೂವನ್ನು ಗಾಳಿ ಹೋಗುವ ಜಾಲರಿಯ ಮೇಲೆ ಇಡಬೇಡಿ. ಗಂಧ ಕುಂಕುಮವನ್ನು ಪಕ್ಕದ ತಗಡಿಗೆ ಹಚ್ಚಿ, ಅಲ್ಲಿ ಬೇಕಾದಷ್ಟು ಜಾಗವಿದೆ. ಬಟನ್ ಒಂದನ್ನು ಬಿಟ್ಟುಬಿಡಿ.